ಸಬಲೀಕರಣಕ್ಕೆ ಜನ ಬೇಕಾಗಿದ್ದಾರೆ, ಸಂಬಳ ಕೇಳಬಾರದು

ಹುದ್ದೆ: ಕಮ್ಯುನಿಕೇಶನ್ಸ್ ಇಂಟರ್ನ್. ಉದ್ದೇಶ: ಕೊಡಗಿನ ಯುವಜನರ ಉದ್ಯಮಶೀಲತೆ ಮತ್ತು ಆರ್ಥಿಕ ಸಬಲೀಕರಣ. ಬೇಕಾದ ಅರ್ಹತೆ: ಪದವಿ, ಸ್ವಂತ ಲ್ಯಾಪ್‌ಟಾಪ್, ಸ್ವಂತ ಸ್ಕೂಟರ್, ಒಳ್ಳೆ ಕ್ಯಾಮೆರಾ ಇರುವ ಫೋನು. ಕನ್ನಡ, ಇಂಗ್ಲಿಷು ಬರಲೇಬೇಕು, ಕೊಡವ ತಕ್ಕ್ ಅಥವಾ ಅರೆಭಾಷೆ ಬಂದರೆ ಇನ್ನೂ ಒಳ್ಳೆಯದು. ಅವಧಿ ಆರು ತಿಂಗಳು. ಜಾಹೀರಾತಿನಲ್ಲಿ ಸಂಬಳ ಬರೆಯಬೇಕಾದ ಜಾಗದಲ್ಲಿ ‘ಕಲಿಕೆಗೆ ಅಪೂರ್ವ ಅವಕಾಶ’ ಎಂದಿತ್ತು. ಇಷ್ಟೆಲ್ಲ ಸ್ವಂತದ್ದು ಇರುವವರು ಆಗಲೇ ಸಬಲರಾಗಿದ್ದಾರಲ್ಲ ಎಂದು ಕೇಳುವಂತಿಲ್ಲ. ಸಬಲರಲ್ಲದವರಿಗೆ ಪುಕ್ಕಟೆ ದುಡಿಯಲು ಆಗುತ್ತದೆಯೇ?

ಭಾಗಮಂಡಲ ಕಡೆಯ ಹುಡುಗಿಯೊಬ್ಬಳು, ಪತ್ರಿಕೋದ್ಯಮ ಓದಿದವಳು, 2025ರ ಜನವರಿಯಲ್ಲಿ ಈ ಕೆಲಸಕ್ಕೆ ಸೇರಿಕೊಂಡಳು ಎನ್ನೋಣ. ಸಂಸ್ಥೆಯ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಇನ್ನು ಹತ್ತು ಸಂಸ್ಥೆಗಳು ‘ನಮ್ಮನ್ನು ಯಾಕೆ ಬಿಟ್ಟಿರಿ’ ಎಂದು ಜಗಳಕ್ಕೆ ಬರುತ್ತವೆ.

ಮೊದಲು ಅವಳ ಲೆಕ್ಕ ನೋಡಿ. ಪದವಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲೇ ಕೂತಿದ್ದರೆ ಯುವನಿಧಿಯಲ್ಲಿ ಸರ್ಕಾರ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ, ಎರಡು ವರ್ಷದವರೆಗೆ. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೊಡ್ಡ ಕಂಪನಿಯೊಂದಕ್ಕೆ ಹೋದರೆ ಆಗ ತಿಂಗಳಿಗೆ 5000 ಸಿಗುತ್ತಿತ್ತು. ಯುವಜನರ ಆರ್ಥಿಕ ಸಬಲೀಕರಣಕ್ಕೇ ಟೊಂಕ ಕಟ್ಟಿ ನಿಂತರೆ ಸೊನ್ನೆ. ಅಂದರೆ ನಮ್ಮ ಹುಡುಗಿ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಆರ್ಥಿಕವಾಗಿ ಹೆಚ್ಚು ಸಬಲಳಾಗಿರುತ್ತಿದ್ದಳು. ಸ್ಕೂಟರಿನ ಪೆಟ್ರೋಲಿಗೆ ಅಪ್ಪ ಮೆಣಸು ಮಾರಿದ ದುಡ್ಡಿನಿಂದ ಕೊಟ್ಟರು. ಸಂಸ್ಥೆಯ ಬ್ಯಾನರಿನ ಕೆಳಗೆ ಸಾಲಾಗಿ ಲೋಗೋಗಳಿವೆ: ಕಂಪನಿ, ಪ್ರತಿಷ್ಠಾನ, ಇಲಾಖೆ. ನಿಜವಾದ ಪ್ರಾಯೋಜಕರ, ಅಂದರೆ ಅಪ್ಪನ ಫೋಟೊ ಅಲ್ಲೆಲ್ಲೂ ಇಲ್ಲ.

ಈ ಹುದ್ದೆ ಹುಟ್ಟಿದ್ದಕ್ಕೆ ಕಾರಣ ಉಂಟು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಖರ್ಚಾಯಿತು ಎನ್ನಲು ರಸೀತಿ ಸಾಕು. ಆದರೆ ಸಮಾಜ ಬದಲಾಯಿತು ಎನ್ನಲು ಫೋಟೊ ಬೇಕು, ವಿಡಿಯೊ ಬೇಕು, ಹಿಂದೆ ಮಂಜು ಮುಸುಕಿದ ಬೆಟ್ಟ ಬೇಕು. ಬೆಟ್ಟಕ್ಕೂ ಮಂಜಿಗೂ ಕೊಡಗಿನಲ್ಲಿ ಬರವಿಲ್ಲ. ಬದಲಾವಣೆ ಮಾತ್ರ ಸಿಗಬೇಕು. ಅದನ್ನು ಹುಡುಕಿಕೊಂಡು ಬರುವುದೇ ಇಂಟರ್ನ್ ಕೆಲಸ.

ಹಾಗಾಗಿ ಅವಳು ಸುಂಟಿಕೊಪ್ಪ ಕಡೆ ಕಾಫಿಪುಡಿ ಮಾಡಿ ಮಾರುವ ಯುವಕನೊಬ್ಬನ ಯಶೋಗಾಥೆ ಬರೆಯಲು ಹೋದಳು. ಯಶೋಗಾಥೆಗೆ ಅಚ್ಚು ಸಿದ್ಧವಿರುತ್ತದೆ: ಮೊದಲ ಪ್ಯಾರಾದಲ್ಲಿ ಕಷ್ಟ, ಎರಡನೆಯದರಲ್ಲಿ ತರಬೇತಿ, ಮೂರನೆಯದರಲ್ಲಿ ನಗು.

“ತರಬೇತಿಗೆ ಮೊದಲು ತುಂಬ ಕಷ್ಟ ಇತ್ತಲ್ಲ ಅಣ್ಣ?”

“ಕಷ್ಟ ಎಂಥದ್ದೂ ಇಲ್ಲ ಮಾರಾಯ್ತಿ. ಅಪ್ಪನ ತೋಟ ಉಂಟಲ್ಲ.”

“ಸ್ವಲ್ಪ ನೆನಪು ಮಾಡ್ಕೊಳ್ಳಿ.”

“2018ರ ಮಳೆಗೆ ಬರೆ ಜರಿದು ಅರ್ಧ ಎಕರೆ ಹೋಯ್ತು.”

“ಹಾಂ, ಅದನ್ನೇ ಹೇಳಿ!” ಎಂದು ಹುಡುಗಿಯ ಮುಖ ಅರಳಿತು. ಪಾಪ, ಮರುಕ್ಷಣ ಅವಳಿಗೇ ನಾಚಿಕೆಯಾಯಿತು. ಮೇಲಿನವರಿಗೆ ಆ ತೊಂದರೆ ಇರಲಿಲ್ಲ. ಕಥೆ ಅಚ್ಚಾಗಿ ಬರುವಾಗ ಅರ್ಧ ಎಕರೆ ಹೋಗಿ ‘ಸರ್ವಸ್ವವನ್ನೂ ಕಳೆದುಕೊಂಡು’ ಎಂದಾಗಿತ್ತು. ಆದಾಯ ಹೆಚ್ಚಿದ್ದೇನೋ ನಿಜ. ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟಿತು, 2024ರ ಸೆಪ್ಟೆಂಬರಿನಲ್ಲಿ ಲಂಡನ್ ಮಾರುಕಟ್ಟೆಯ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟಿತು, ಮಡಿಕೇರಿಯಲ್ಲಿ ಎರಡು ದಿನದ ಕಾರ್ಯಾಗಾರ ಯಶಸ್ವಿಯಾಯಿತು.

ಆ ಕಾರ್ಯಾಗಾರದ್ದೇ ಒಂದು ಪ್ರಸಂಗ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಎಲ್ಲರಿಗೂ ಹಳದಿ ಚೀಟಿ ಹಂಚಿ ‘ನಿಮ್ಮ ದೊಡ್ಡ ಕನಸನ್ನು ಬರೆದು ಗೋಡೆಗೆ ಅಂಟಿಸಿ’ ಎಂದರು. ನಾಪೋಕ್ಲು ಕಡೆಯ ಹುಡುಗನೊಬ್ಬ ‘ಪೌತಿ ಖಾತೆ’ ಎಂದು ಬರೆದ. ತರಬೇತುದಾರರು ಓದಿ ಖುಷಿಪಟ್ಟರು: “ಪೌತಿ! ಬ್ರ್ಯಾಂಡ್ ಹೆಸರು ಹೀಗೇ ಚಿಕ್ಕದಾಗಿರಬೇಕು.”

ಪೌತಿ ಖಾತೆ ಎಂದರೆ ತೀರಿಹೋದವರ ಹೆಸರಿನಲ್ಲಿರುವ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಹುಡುಗನ ಕುಟುಂಬದ ವಂಶಪಾರಂಪರ್ಯದ ಜಮ್ಮಾ ಜಾಗದ ಪಹಣಿಯಲ್ಲಿ ಇನ್ನೂ ಮುತ್ತಜ್ಜನ ಹೆಸರೇ ಇದೆ. ಮುತ್ತಜ್ಜ ಪಟ್ಟೆದಾರ, ಅಂದರೆ ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿದ್ದವರು. ಅವರು ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿದ್ದರೂ ಕಂದಾಯ ದಾಖಲೆಯ ಮಟ್ಟಿಗೆ ಗಟ್ಟಿಮುಟ್ಟಾಗಿದ್ದಾರೆ. ಕುಟುಂಬದವರು ಒಟ್ಟಾಗಿ ಬಂದು ಸಹಿ ಹಾಕುವ ತನಕ ಹುಡುಗ ತನ್ನದೇ ತೋಟದಲ್ಲಿ ನೆಂಟ. ಅವನಿಗೆ ಬೇಕಿದ್ದದ್ದು ಕಾಫಿ ಹುರಿಯುವ ಸಣ್ಣ ಯಂತ್ರ. ಕಿರು ಆಹಾರ ಸಂಸ್ಕರಣೆಗೆ ಕೇಂದ್ರದ ಯೋಜನೆ ಇತ್ತು, ಕೊಡಗಿಗೆ ಅದರಲ್ಲಿ ನಿಗದಿಯಾದ ಬೆಳೆ ಕಾಫಿಯೇ, ಸಹಾಯಧನ ಶೇ. 35, ಗರಿಷ್ಠ 10 ಲಕ್ಷ. ಆದರೆ ಸಹಾಯಧನ ಬರುವುದು ಸಾಲದ ಬೆನ್ನಿಗೆ. ಬ್ಯಾಂಕು ಸಾಲ ಕೊಡದಿದ್ದರೆ ಅದೂ ಇಲ್ಲ. ಬ್ಯಾಂಕಿನಲ್ಲಿ ಅಡಮಾನ ಬೇಡದ ಸಾಲದ ಪೋಸ್ಟರ್ ಗೋಡೆಯ ಮೇಲಿದೆ. ಅದರ ಕೆಳಗೆ ಕೂತವರು “ಜಾಗದ ದಾಖಲೆ ಇದ್ದರೆ ತನ್ನಿ, ಸುಮ್ಮನೆ ಒಂದು ಭದ್ರತೆಗೆ” ಎನ್ನುತ್ತಾರೆ. ಇಂಟರ್ನ್ ಇದನ್ನೆಲ್ಲ ಬರೆದುಕೊಂಡು ಬಂದಳು. “ತುಂಬ ನೆಗೆಟಿವ್ ಆಯ್ತಮ್ಮ” ಎಂದು ಮೇಲಿನವರು ಚೀಟಿಯ ಫೋಟೊ ಮಾತ್ರ ಇಟ್ಟುಕೊಂಡರು. ಹಳದಿ ಬಣ್ಣ ಚೆನ್ನಾಗಿ ಬಂದಿತ್ತು.

ಕೊಡಗಿನವರಿಗೆ ಉದ್ಯಮಶೀಲತೆ ಇಲ್ಲ ಎಂದು ಹೇಳಿದವರು ಯಾರೋ. ಮಡಿಕೇರಿಯ ರಾಜಾಸೀಟಿನ ದಾರಿಯಲ್ಲಿ ಒಂದು ಸಂಜೆ ಅಡ್ಡಾಡಿ ಬನ್ನಿ. ಯಾವ ಮನೆಯಲ್ಲೂ ಮಾಡದ ಹೋಂ ಮೇಡ್ ಚಾಕೊಲೇಟ್ ಅಲ್ಲಿ ಸಿಗುತ್ತದೆ. ದ್ರಾಕ್ಷಿಯ ಪರಿಚಯವೇ ಇಲ್ಲದ ವೈನೂ ಸಿಕ್ಕೀತು. 2017ರಲ್ಲಿ ಗೋಣಿಕೊಪ್ಪಲು ಎಪಿಎಂಸಿಯಲ್ಲಿ ವಿಯೆಟ್ನಾಂ ಮೆಣಸು ಕೊಡಗಿನ ಮೆಣಸಿನೊಡನೆ ಬೆರೆಯುತ್ತಿದೆ ಎಂಬ ಆರೋಪ ಎದ್ದು ಬೆಳೆಗಾರರು ಬೀದಿಗಿಳಿದರು. ಗೋಣಿಚೀಲ ಬದಲಾಯಿಸಿದಷ್ಟಕ್ಕೇ ಬೆಲೆ ಏರುವುದಾದರೆ, ಮೌಲ್ಯವರ್ಧನೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕಾರ್ಯಾಗಾರದಲ್ಲಿ ಸಿಗುತ್ತದೆ?

ನೆಟ್ಟಗಿನ ಉದಾಹರಣೆಯೇ ಬೇಕೆಂದರೆ ಅದೂ ಇದೆ. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಕಟ್ಟಿದರು. ರೈತರು ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟರು, ಸಂಘ ಜೇನು ಕೊಂಡು ಮಾರಿತು, ಕೊಡಗಿನ ಜೇನು ಎಂದರೆ ದೇಶದಲ್ಲೆಲ್ಲ ಹೆಸರಾಯಿತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ಗೂಡುಗಳೆಲ್ಲ ಖಾಲಿಯಾದಾಗ ಜನ ಮತ್ತೆ ಹುಳು ಹಿಡಿದು ಪೆಟ್ಟಿಗೆ ತುಂಬಿಸಬೇಕಾಯಿತು. ಅವರ ಬಳಿ ರೀಲ್ಸ್ ಇರಲಿಲ್ಲ, ಹಳದಿ ಚೀಟಿಯೂ ಇರಲಿಲ್ಲ. ತಾವು ಸಬಲೀಕರಣಗೊಳ್ಳುತ್ತಿದ್ದೇವೆ ಎಂದು ಅವರಿಗೆ ಯಾರೂ ಹೇಳದೇ ಇದ್ದದ್ದರಿಂದ ಜೇನಿನ ಕಡೆ ಗಮನ ಕೊಡಲು ಸಾಧ್ಯವಾಯಿತೋ ಏನೋ.

ಇತ್ತ ನಮ್ಮ ಹುಡುಗಿಗೆ ಫೆಬ್ರವರಿಯಲ್ಲಿ ‘ನಿಮ್ಮ ಕನಸಿಗೆ ರೆಕ್ಕೆ ಕಟ್ಟಿ’ ಎಂಬ ಪೋಸ್ಟರ್ ಮಾಡುವ ಕೆಲಸ ಬಂತು. ಅದೇ ತಿಂಗಳು ಸಂಪುಟ ಉಪಸಮಿತಿಯು ಮುಚ್ಚಬೇಕಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯವನ್ನೂ ಸೇರಿಸಿತು. ಶುರುವಾದದ್ದು 2023ರಲ್ಲಿ, ದುಡ್ಡಿಲ್ಲ ಎಂಬುದು ಕಾರಣ. ಪೋಸ್ಟರಿಗೆ ಹಿನ್ನೆಲೆಯಾಗಿ ಕಾಲೇಜು ಕಟ್ಟಡದ ಚಿತ್ರ ಹಾಕಲೇ ಎಂದು ಹುಡುಗಿ ಕೇಳಿದಳು. ಬೇಡ, ಹಕ್ಕಿ ಹಾಕು ಎಂದರಂತೆ.

ಜೂನ್ ಬಂತು, ಮಳೆ ಹಿಡಿಯಿತು, ಮರ ಬಿದ್ದು ಕರೆಂಟು ಹೋಯಿತು, ಕರೆಂಟಿನ ಹಿಂದೆ ರೇಂಜೂ ಹೋಯಿತು. ಇದೇ ಜಿಲ್ಲೆಯಲ್ಲಿ 2021ರಲ್ಲಿ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕೆ ರೇಂಜ್ ಸಿಗದೆ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡಿದ್ದರು. ನಮ್ಮ ಕಮ್ಯುನಿಕೇಶನ್ಸ್ ಇಂಟರ್ನ್ ಅಷ್ಟು ಎತ್ತರಕ್ಕೆ ಏರಲಿಲ್ಲ. ರಸ್ತೆಯಲ್ಲಿ ರೇಂಜ್ ಸಿಗುವ ಒಂದು ತಿರುವಿನಲ್ಲಿ ಕೊಡೆ ಹಿಡಿದು ನಿಂತು, ಜಿಗಣೆ ಕೀಳುತ್ತಾ, ‘ಡಿಜಿಟಲ್ ಕೊಡಗು, ಸಬಲ ಯುವಜನ’ ಎಂಬ ರೀಲ್ ಅಪ್‌ಲೋಡ್ ಮಾಡಿದಳು. ಶೇ. 94ಕ್ಕೆ ನಿಂತಿತು.

ಕೊನೆಯ ವಾರ ವರ್ಷದ ವರದಿ ಸಿದ್ಧವಾಯಿತು. ಅಚ್ಚಿನ ತಪ್ಪು ನೋಡಲು ಅವಳಿಗೇ ಕೊಟ್ಟರು. ‘ಜೀವನೋಪಾಯ ಪಡೆದ ಯುವಜನ’ ಎಂಬ ಪಟ್ಟಿಯಲ್ಲಿ ಅವಳದ್ದೇ ಹೆಸರಿತ್ತು. ಕೇಳಿದರೆ, “ನಿನಗೆ ಆರು ತಿಂಗಳು ಕೆಲಸ ಕೊಟ್ಟಿಲ್ಲವೇನಮ್ಮ?” ಎಂದರು. ಫಲಾನುಭವಿ ಎಂದ ಮೇಲೆ ಫಾರಂ ತುಂಬಬೇಕಲ್ಲ. ತರಬೇತಿಗೆ ಮೊದಲಿನ ಆದಾಯ: ಸೊನ್ನೆ. ನಂತರದ ಆದಾಯ ಎಂಬಲ್ಲಿ ಪೆಟ್ರೋಲು, ಡೇಟಾ, ಸ್ಕೂಟರಿನ ಎರಡು ಸರ್ವಿಸ್ ಲೆಕ್ಕ ಹಾಕಿ ಮೈನಸ್ ಗುರುತಿನೊಂದಿಗೆ ಬರೆದು ಕೊಟ್ಟಳು. ಫಾರಂ ವಾಪಸ್ ಬಂತು. ಆ ಕಾಲಮ್ಮಿನಲ್ಲಿ ಮೈನಸ್ ಹಾಕಿದರೆ ಸಾಫ್ಟ್‌ವೇರ್ ತಗೊಳ್ಳುವುದಿಲ್ಲ, ‘ಆತ್ಮವಿಶ್ವಾಸ ಹೆಚ್ಚಿದೆ’ ಎಂದು ಬರೆದು ಕಳಿಸಿ ಎಂದಿದ್ದರು.