ಮೊಟ್ಟೆಗೆ ಮೇಕಪ್ಪು

ಹೊರಗಿನ ಥಳುಕಿಗೆ ಮರುಳಾಗಬೇಡ, ಒಳಗಿನ ತಿರುಳು ನೋಡು ಎಂದು ಹೇಳಿಸಿಕೊಂಡೇ ಬೆಳೆದವಳು ನಾನು. ಈ ಪಾಠವನ್ನು ವರ್ಷಕ್ಕೊಮ್ಮೆ ತಲೆಕೆಳಗು ಮಾಡುವ ಹಬ್ಬವೊಂದಿದೆ ಎಂದು ಗೊತ್ತಾದದ್ದು ಜರ್ಮನಿಗೆ ಬಂದ ಮೇಲೆ. ಈಸ್ಟರ್ ಬಂತೆಂದರೆ ಇಲ್ಲಿನವರು ಮೊಟ್ಟೆಯ ಎರಡೂ ತುದಿಗೆ ಸೂಜಿಯಿಂದ ತೂತು ಕೊರೆದು, ನಾಗಸ್ವರದವರಂತೆ ಕೆನ್ನೆಯುಬ್ಬಿಸಿ ಊದಿ, ತಿರುಳನ್ನೆಲ್ಲ ಬಟ್ಟಲಿಗೆ ಇಳಿಸುತ್ತಾರೆ. ಉಳಿದ ಚಿಪ್ಪಿಗೆ ಬಣ್ಣ ಬಳಿದು, ದಾರ ಪೋಣಿಸಿ, ಕೊಂಬೆಗೆ ತೂಗುಹಾಕುತ್ತಾರೆ.

ಈಸ್ಟರ್‌ಗೆ ಮುಂಚಿನ 40 ದಿನಗಳ ವ್ರತದಲ್ಲಿ ಹಿಂದೆ ಮೊಟ್ಟೆಯೂ ವರ್ಜ್ಯವಾಗಿತ್ತು. ವ್ರತದ ಸುದ್ದಿ ಕೋಳಿಗೆ ಹೇಳುವವರು ಯಾರು? ಅದು ಇಡುತ್ತಲೇ ಹೋಯಿತು. ಹಬ್ಬದ ಹೊತ್ತಿಗೆ ಮನೆ ತುಂಬಿದ ಮೊಟ್ಟೆಗಳಿಗೆ ಬಣ್ಣದ ಯೋಗ ಬಂತು. ಇಲ್ಲಿನ ಸಾಲ್‌ಫೆಲ್ಡ್ ಊರಿನ ಕುಟುಂಬವೊಂದು 1965ರಲ್ಲಿ ತೋಟದ ಸೇಬಿನ ಗಿಡಕ್ಕೆ 18 ಪ್ಲಾಸ್ಟಿಕ್ ಮೊಟ್ಟೆ ಕಟ್ಟಿತು. ಬಳಿಕ ಊದಿದ ಮೊಟ್ಟೆಗಳೂ ಸೇರಿ, ಲೆಕ್ಕ 10,000 ಮುಟ್ಟಿತು. ಮರವನ್ನು ಎಲ್ಲರೂ ಹೊಗಳಿದರು, ಆ ಮನೆಯಲ್ಲಿ ಆಮ್ಲೆಟ್ ತಿಂದವರನ್ನು ಕೇಳಿದವರಿಲ್ಲ.

ನಮ್ಮ ಮನೆಯಲ್ಲಿ ಮಗಳು ಊದಲು ಶುರುಮಾಡಿದಾಗ ಊರಿಂದ ಬಂದಿದ್ದ ಅತ್ತೆ ದೂರ ಸರಿದು ಕುಳಿತರು. ಅವರು ಮೊಟ್ಟೆ ಮುಟ್ಟುವವರಲ್ಲ.

"ಒಳಗಿನದು ಹೋದಮೇಲೆ ಉಳಿಯೋದೇನೇ?" ಎಂದರು.

"ಕ್ಯಾಲ್ಸಿಯಂ ಕಾರ್ಬೊನೇಟ್ ಅತ್ತೆ. ಸುಣ್ಣದಕಲ್ಲಿನಲ್ಲಿ ಇರೋದೂ ಅದೇ."

"ಹಾಗಾದ್ರೆ ಸುಣ್ಣ ಅನ್ನು! ಎಲೆಅಡಿಕೆಗೆ ದಿನಾ ಮುಟ್ಟಲ್ವೇ?"

ಮಡಿಯ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಅಡುಗೆಮನೆ ಅತ್ತೆಯ ವಶವಾಯಿತು. ಈರುಳ್ಳಿ ಸಿಪ್ಪೆ ಕುದಿಸಿ ಕಂದುಗೆಂಪು ತೆಗೆದರು. ನೇರಳೆ ಎಲೆಕೋಸಿನ ನೀರಲ್ಲಿ ಅದ್ದಿದ ಚಿಪ್ಪು ನೀಲಿಯಾಗಿ ಮೇಲೆ ಬಂದಾಗ ಕೋಸನ್ನೇ ಅನುಮಾನದಿಂದ ನೋಡಿದರು. ಅರಿಶಿನದ ಸರದಿ ಬಂದಾಗಲಂತೂ ಜಗಳವೇ ಆಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿಗೆಂಪು ಬರಬೇಕು, ಇದು ಹಳದಿಯಾಗಿಯೇ ಉಳಿದಿದೆ! ಇದು ಸುಟ್ಟ ಸುಣ್ಣವಲ್ಲ, ಜತೆಗೆ ಬಣ್ಣ ಹಿಡಿಯಲೆಂದು ಹಾಕಿದ ವಿನಿಗರ್‌ನ ಹುಳಿಯೂ ಇದೆ ಎಂದು ವಿವರಿಸಿದೆ.

"ನಿಮ್ಮ ದೇಶದ ಸುಣ್ಣ ಕಲಬೆರಕೆ," ತೀರ್ಪು ಬಂತು.

ಮಗಳು ಅಂಟು, ಚಮಕಿ, ಉಲ್ಲನ್ ದಾರ, ಹಳೆಯ ಲೇಸಿನ ತುಂಡು ಹರವಿಕೊಂಡು ಒಂದು ಮೊಟ್ಟೆಗೆ ಮೀಸೆ ಬರೆದಳು, ಇನ್ನೊಂದಕ್ಕೆ ಜಡೆ ಅಂಟಿಸಿದಳು. ಅತ್ತೆ ಸಣ್ಣ ಕುಂಚ ಹಿಡಿದು ಚುಕ್ಕಿ ರಂಗೋಲಿಗೆ ಕೈಹಾಕಿದರು. ಏಳರಿಂದ ಒಂದಕ್ಕೆ ಇಳಿಯಬೇಕಿದ್ದ ಚುಕ್ಕಿಗಳು ಮೊಟ್ಟೆ ಸುತ್ತಿಬಂದು ತಮಗೇ ಡಿಕ್ಕಿ ಹೊಡೆದವು. "ಈ ಅಂಗಳಕ್ಕೆ ಮೂಲೆಯೇ ಇಲ್ಲ ಕಣೇ!"

ಸಮಾಧಾನಕ್ಕೆಂದು ರಷ್ಯದ ತ್ಸಾರ್ ಮೂರನೇ ಅಲೆಕ್ಸಾಂಡರ್ 1885ರಲ್ಲಿ ರಾಣಿಗಾಗಿ ಅಕ್ಕಸಾಲಿಗ ಫ್ಯಾಬರ್ಜೆಯಿಂದ ಮಾಡಿಸಿದ ಈಸ್ಟರ್ ಮೊಟ್ಟೆಯ ಚಿತ್ರ ತೋರಿಸಿದೆ. ಬಿಳಿ ಎನಾಮೆಲ್ ಚಿಪ್ಪು, ಒಳಗೆ ಚಿನ್ನದ ಹಳದಿ ಲೋಳೆ, ಅದರೊಳಗೊಂದು ಚಿನ್ನದ ಕೋಳಿ.

"ನೋಡು, ಒಳಗೂ ಚಿನ್ನ ಇಟ್ಟಿದ್ದಾರೆ," ಎಂದರು ಅತ್ತೆ.

ಹಬ್ಬ ಶುರುವಾದಾಗಿನಿಂದ ಮೂರು ಹೊತ್ತೂ ಆಮ್ಲೆಟ್ ತಿನ್ನುತ್ತಿದ್ದ ನನ್ನ ಗಂಡ ಆಸೆಯಿಂದ ತಲೆಯೆತ್ತಿ ಕೇಳಿದರು: "ಹಾಗಾದ್ರೆ ಅದನ್ನ ಯಾರೂ ತಿನ್ನಬೇಕಾಗಿರಲಿಲ್ವಾ?"