ತಿರಸ್ಕೃತನ ಮರುಅರ್ಜಿ: ಒಂದು ಅಭಾವಮೀಮಾಂಸೆ

ಕಟ್‌ಆಫ್ ಮುಟ್ಟಲಿಲ್ಲವೆಂದು ಹೊರಗಿಟ್ಟ ಕಾಲೇಜಿಗೇ, ಬೇರೆಲ್ಲೋ ಎರಡು ಸೆಮಿಸ್ಟರ್ ಪಾಸಾಗಿ, ಮೂರನೆಯದಕ್ಕೆ ಮತ್ತೆ ಅರ್ಜಿ ಹಾಕುವ ಕ್ರಿಯೆಯನ್ನು ಪ್ರಸ್ತುತ ಪ್ರಬಂಧವು 'ತಿರಸ್ಕಾರೋತ್ತರ ಪುನಃಪ್ರವೇಶೇಚ್ಛೆ' ಎಂಬ ಪರಿಕಲ್ಪನಾತ್ಮಕ ಚೌಕಟ್ಟಿನಲ್ಲಿಟ್ಟು, ತಾತ್ವಿಕ ನೆಲೆಯಲ್ಲಿ ಅದಕ್ಕೆ ಮುಖಾಮುಖಿಯಾಗುತ್ತದೆ. (ಹಾಗೆಂದರೇನು ಎಂದು ಸೆಮಿನಾರುಗಳಲ್ಲಿ ಕೇಳುವ ವಾಡಿಕೆಯಿಲ್ಲ.)

ನೈಯಾಯಿಕರು ಅಭಾವವನ್ನು ನಾಲ್ಕು ಬಗೆ ಮಾಡಿದ್ದಾರೆ. ಸೀಟಿನ ಅಭಾವಕ್ಕೂ ಅಷ್ಟೇ ಸಾಕು. ಪ್ರಾಗಭಾವ: 'ಲಿಸ್ಟ್ ಇನ್ನೂ ಹಾಕಿಲ್ಲ, ಸೋಮವಾರ ಬನ್ನಿ.' ಪ್ರಧ್ವಂಸಾಭಾವ: 'ಶುಕ್ರವಾರವೇ ಹಾಕಿದ್ವಲ್ರೀ, ಸೀಟು ಫುಲ್.' ಅನ್ಯೋನ್ಯಾಭಾವ: ಘಟವು ಪಟವಲ್ಲ, ಮೆರಿಟ್ ಸೀಟು ಮ್ಯಾನೇಜ್‌ಮೆಂಟ್ ಸೀಟಲ್ಲ, ಅದು ಮುಗಿದರೂ ಇದು ಇರುತ್ತದೆ. ನಾಲ್ಕನೆಯದು ಅತ್ಯಂತಾಭಾವ. ಕೌಂಟರಿನ ಮುಂದೆ ನಿಂತವರಿಗೆ ಅದರ ಉದಾಹರಣೆ ಬೇಕಿಲ್ಲ. ವರ್ಗೀಕರಣ ಇಲ್ಲಿಗೆ ನಿಲ್ಲಲಿ.

ಇನ್ನು ದೋಷವಿಚಾರ. ಆ ಕಾಲೇಜಿನವರು 'ಮೊದಲು ನಿಮ್ಮ ಕಾಲೇಜಿಂದ ಎನ್‌ಒಸಿ ತನ್ನಿ' ಎನ್ನುತ್ತಾರೆ. ಈ ಕಾಲೇಜಿನವರು 'ಸೇರಿಸ್ಕೊಳ್ತೀವಿ ಅಂತ ಅವರು ಬರೆದುಕೊಡ್ಲಿ, ಆಮೇಲೆ ಎನ್‌ಒಸಿ' ಎನ್ನುತ್ತಾರೆ. ಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯ. ಇದು ಕಂಡರೆ ವಾದ ಬಿದ್ದುಹೋಗುತ್ತದೆ. ಆಫೀಸಿನಲ್ಲಿ ಇದು ಪ್ರೊಸೀಜರ್, ಬೀಳುವವನು ವಿದ್ಯಾರ್ಥಿ.

ಪೂರ್ವಪಕ್ಷ: 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತಲ್ಲ, ಗಳಿಸಿದ ಕ್ರೆಡಿಟ್ಟು ಹೋದಲ್ಲಿಗೆ ಬರುತ್ತದಲ್ಲ?

ಉತ್ತರ: ಕ್ರೆಡಿಟ್ಟು ಬಂದೀತು, ಹುಡುಗನನ್ನು ಬಿಡಬೇಕಲ್ಲ! 'ಉಳಿದ ವರ್ಷಗಳ ಫೀಸು ಕಟ್ಟಿ ಟಿಸಿ ತಗೊಂಡ್ಹೋಗಿ' ಎಂದು ಕೂತವರ ಬೀರುವಿನಲ್ಲಿ ಅವನ ಒರಿಜಿನಲ್ ಮಾರ್ಕ್ಸ್‌ಕಾರ್ಡಿದೆ. ಮೂಲ ದಾಖಲೆಗಳನ್ನು ನೋಡಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದನ್ನು ಎತ್ತಿದರೆ 'ಹಾಗಾದ್ರೆ ಯುಜಿಸಿ ಹತ್ರನೇ ಇಸ್ಕೊಳ್ಳಿ' ಎಂಬ ಉಡಾಫೆ. ಇದಕ್ಕೊಂದು ಸಂಸ್ಕೃತದ ಹೆಸರು ಹುಡುಕುವಷ್ಟು ಸಹನೆ ನನಗಿಲ್ಲ. ಹಗಲುದರೋಡೆ ಇದು.

ಒಮ್ಮೆ ಬೇಡವೆಂದವರ ಬಾಗಿಲಿಗೆ ಆ ಹುಡುಗ ಮತ್ತೆ ಯಾಕೆ ಬಂದ? ಅಲ್ಲಿ ಲೈಬ್ರರಿಯಿದೆ, ಲ್ಯಾಬಿದೆ, ತಪ್ಪದೆ ಪಾಠ ಮಾಡುವ ಮೇಷ್ಟ್ರುಗಳಿದ್ದಾರೆ ಎಂಬ ಆಸೆಗೆ. ಓದುವ ಆಸೆಗೆ ಮಾನ ಬಿಟ್ಟು ಬಂದವನ ಕೈಗೆ ಕೊಡುವ ಫಾರಂನಲ್ಲಿ ಮೊದಲ ಕಾಲಂ ಮತ್ತದೇ ಪಿಯುಸಿ ಪರ್ಸೆಂಟೇಜು. ವರ್ಷವಿಡೀ ಅವನು ಏನು ಓದಿದ, ಎಷ್ಟು ಬೆಳೆದ ಎಂದು ಕೇಳುವವರಿಲ್ಲ. ಹದಿನೇಳನೇ ವಯಸ್ಸಿನ ಅಂಕ ಹಣೆಬರಹವಾಗಿಬಿಟ್ಟಿದೆ. ಅದನ್ನು ತಿದ್ದಬೇಕಾದ ವಿದ್ಯಾಸಂಸ್ಥೆಯೇ ಅದರ ಕಾವಲಿಗೆ ಕೂತಿದೆ.

ಸಿದ್ಧಾಂತ: ಅರ್ಜಿ ಹಾಕುವವರೇ, ಒರಿಜಿನಲ್ ತೋರಿಸಿ, ಬಿಟ್ಟುಬರಬೇಡಿ. ಏನು ಕೇಳಿದರೂ ಬರವಣಿಗೆಯಲ್ಲಿ ಕೇಳಿ, ಸೀಲು ಹಾಕಿಸಿಕೊಂಡೇ ಕೌಂಟರು ಬಿಡಿ.