ಷಡ್ಡಕರ ಇಟ್ಟಿಗೆ ಗೂಡು

"ಲೆಗೊಗಳು ಅನ್ನಬಾರದು ಭಾವ," ಅಂದರು ನನ್ನ ಷಡ್ಡಕರು. ನಾನಿನ್ನೂ ಅವರ ಮನೆಯ ಸೋಫಾದ ಹತ್ತಿರವೂ ಸುಳಿದಿರಲಿಲ್ಲ. "ಅಕ್ಕಿಗಳು ಅಂತೀರಾ? ರಾಗಿಗಳು ಅಂತೀರಾ? ಇದೂ ಹಾಗೇ. ಲೆಗೊ ಅನ್ನಿ. ಬಹುವಚನ ಬೇಕೇ ಬೇಕು ಅಂದರೆ ಲೆಗೊ ಇಟ್ಟಿಗೆಗಳು ಅನ್ನಿ."

ನಾನು ಕೇಳಿದ್ದು ಇಷ್ಟೇ: ಈ ಲೆಗೊಗಳನ್ನ ಒಂಚೂರು ಆಚೆ ಸರಿಸಿದರೆ ಕೂತುಕೊಳ್ಳಬಹುದಾ ಅಂತ.

ಷಡ್ಡಕರಿಗೆ ನಲವತ್ತಾರು. ಜೆ.ಪಿ. ನಗರದಲ್ಲಿ ಎರಡು ಮಲಗುವ ಕೋಣೆಯ ಫ್ಲ್ಯಾಟು. ಅದರಲ್ಲಿ ಮಲಗಲು ಬರುವುದು ಒಂದರಲ್ಲೇ. ಇನ್ನೊಂದನ್ನು ನನ್ನ ನಾದಿನಿ 'ಇಟ್ಟಿಗೆ ಗೂಡು' ಎಂದು ಕರೆಯುತ್ತಾಳೆ. ಸಾಫ್ಟ್‌ವೇರ್ ಕೆಲಸ, ಸೌಮ್ಯ ಸ್ವಭಾವ, ಕುಡಿತವಿಲ್ಲ, ಇಸ್ಪೀಟಿಲ್ಲ. ಹೆಣ್ಣು ಕೊಡುವಾಗ ನಮ್ಮ ಮಾವನವರು ಇಷ್ಟನ್ನೂ ವಿಚಾರಿಸಿದ್ದರು. ಆಟಿಕೆ ಚಟ ಇದೆಯೇ ಎಂದು ಕೇಳಬೇಕೆಂದು ಯಾರಿಗೆ ಹೊಳೆದೀತು?

ರೋಗ ಹಳೆಯದು. 1984ರಲ್ಲಿ ಲಂಡನ್ನಿನಿಂದ ಬಂದ ಸೋದರಮಾವ ಒಂದು ಪುಟ್ಟ ಡಬ್ಬಿ ತಂದುಕೊಟ್ಟರಂತೆ. ಒಬ್ಬನೇ ಕೂರುವ ಬೂದು–ನೀಲಿ ನೌಕೆ, ಹಳದಿ ಗಾಜು, ಒಳಗೆ ಕೆಂಪು ಬಟ್ಟೆಯ ಗಗನಯಾತ್ರಿ. ಎದೆಯ ಮೇಲೆ ಚಿನ್ನದ ಬಣ್ಣದ ಗ್ರಹ, ಅದನ್ನು ಸುತ್ತುವ ಕೆಂಪು ನೌಕೆ. ಲೆಗೊದವರು ಈ ಅಂತರಿಕ್ಷದ ಸಾಲನ್ನು ಶುರು ಮಾಡಿದ್ದು 1978ರಲ್ಲಿ. ಕೈಕಾಲು ಆಡಿಸುವ ನಾಲ್ಕು ಸೆಂಟಿಮೀಟರ್ ಎತ್ತರದ ಆ ಗೊಂಬೆ ಮನುಷ್ಯನೂ ಅದೇ ವರ್ಷ ಹುಟ್ಟಿದವನು. ಎರಡರ ಹಿಂದೆಯೂ ಇದ್ದವರು ಯೆನ್ಸ್ ನ್ಯೂಗಾರ್ಡ್ ಕ್ನುಡ್ಸನ್ ಎಂಬ ಡೆನ್ಮಾರ್ಕಿನ ವಿನ್ಯಾಸಕ. ಷಡ್ಡಕರು ಈ ಹೆಸರನ್ನು ಹೇಳುವಾಗ ಸಂಗೀತಗಾರರು ಗುರುಗಳ ಹೆಸರು ಹೇಳುವಂತೆ ಕಿವಿ ಮುಟ್ಟಿಕೊಳ್ಳುತ್ತಾರೆ.

ಆಮೇಲೆ ಬಂದದ್ದು 'ಕತ್ತಲ ಯುಗ'. ಇದು ನನ್ನ ಪದವಲ್ಲ. ಲೆಗೊ ಬಿಟ್ಟು ಮತ್ತೆ ಹಿಡಿಯುವವರೆಗಿನ ಅವಧಿಗೆ ಈ ಲೆಗೊ ಹುಚ್ಚಿನ ದೊಡ್ಡವರ ಪಂಗಡದವರೇ ಇಟ್ಟ ಹೆಸರು. ಷಡ್ಡಕರ ಕತ್ತಲ ಯುಗದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಇಂಜಿನಿಯರಿಂಗ್, ನೌಕರಿ, ಮದುವೆ, ಒಂದು ಮಗು ಎಲ್ಲವೂ ಬರುತ್ತವೆ. ನಾದಿನಿಯ ಎದುರಿಗೇ ಅವರು ಇದನ್ನು ಹೇಳುತ್ತಾರೆ.

ಬೆಳಕು ಹರಿದದ್ದು 2017ರಲ್ಲಿ, ಆನ್‌ಸೈಟ್ ಹೋಗಿ ಬಂದ ಸಹೋದ್ಯೋಗಿಯೊಬ್ಬರ ಸೂಟ್‌ಕೇಸಿನಿಂದ. ಒಳಗಿದ್ದದ್ದು ಚಂದ್ರನಿಗೆ ಮನುಷ್ಯರನ್ನು ಕೊಂಡೊಯ್ದ ಸ್ಯಾಟರ್ನ್–5 ರಾಕೆಟ್ಟಿನ ಮಾದರಿ. ಕಟ್ಟಿದರೆ ಒಂದು ಮೀಟರ್ ಎತ್ತರ. ಬಿಡಿಭಾಗಗಳು ಸರಿಯಾಗಿ 1969, ಚಂದ್ರನ ಮೇಲೆ ಕಾಲಿಟ್ಟ ಇಸವಿಯಷ್ಟೇ. "ಮಗನಿಗೆ," ಎಂದಿದ್ದರು ಷಡ್ಡಕರು. ಅಂದಿನಿಂದ ಡಬ್ಬಿಗಳೆಲ್ಲ ಮಗನ ಹೆಸರಿನಲ್ಲೇ ಬರುತ್ತಿವೆ, ಹೆಂಡತಿ ಹೆಸರಿನಲ್ಲಿ ಸೈಟು ಮಾಡಿಸಿದ ಹಾಗೆ. ಸ್ವಾಧೀನಾನುಭವ ಮಾತ್ರ ಯಜಮಾನರದ್ದು. ಮಗನಿಗೆ ಈಗ ಮೀಸೆ ಚಿಗುರಿದೆ. ಅವನು ಒಂದು ಇಟ್ಟಿಗೆಯನ್ನೂ ಮುಟ್ಟಿದವನಲ್ಲ. ಮುಟ್ಟಲು ಬಿಟ್ಟವರಾರು? 2022ರಲ್ಲಿ ಹಳೆಯ 'ಗ್ಯಾಲಕ್ಸಿ ಎಕ್ಸ್‌ಪ್ಲೋರರ್' ನೌಕೆಯನ್ನು 1254 ಭಾಗಗಳಲ್ಲಿ ಮತ್ತೆ ತಂದಾಗ ಆ ಕಪ್ಪು ಡಬ್ಬಿಯ ಮೂಲೆಯಲ್ಲಿ '18+' ಎಂದಿತ್ತು. ಊರಿನಿಂದ ಬಂದಿದ್ದ ಮಾವನವರು ಅದನ್ನಷ್ಟೇ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಎರಡು ದಿನ ಅಳಿಯನ ಜತೆ ಮಾತಾಡಲಿಲ್ಲ.

ಮಾವನವರು ಇಂಜಿನಿಯರಾಗಿ ನಿವೃತ್ತರಾದವರು, ನಿಜವಾದ ಇಟ್ಟಿಗೆ ಕಂಡವರು. ವಿಷಯ ತಿಳಿದ ಮೇಲೆ ಕುತೂಹಲದಿಂದ ಒಂದನ್ನು ಕೈಗೆತ್ತಿಕೊಂಡರು. "ಸಿಮೆಂಟಿಲ್ಲದೆ ನಿಲ್ಲುತ್ತದೆ," ಎಂದು ಷಡ್ಡಕರು ವಿವರಿಸಿದರು. ಮೇಲಿನ ಗುಬುಟು ಒಳಗಿನ ಕೊಳವೆಗೆ ಕಚ್ಚಿಕೊಳ್ಳುವ ಉಪಾಯಕ್ಕೆ 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು, ಆಗಿನ ಇಟ್ಟಿಗೆ ಇವತ್ತಿನದಕ್ಕೂ ಕೂರುವುದು, ಎಂಟು ಗುಬುಟಿನ ಆರೇ ಆರು ಇಟ್ಟಿಗೆಯನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕಿರುವುದು, ಎಲ್ಲವನ್ನೂ ಒಪ್ಪಿಸಿದರು. ಮಾವನವರು ಇಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಮ್ಮ ಕಾಲದ ಕಂಟ್ರಾಕ್ಟರುಗಳೂ ಸಿಮೆಂಟ್ ಹಾಕ್ತಿರಲಿಲ್ಲ," ಎಂದರು, "ಆದರೆ ನಿಲ್ತಿರಲಿಲ್ಲ."

ಲೆಗೊ ಕಂಪನಿಯ ಮೂಲಪುರುಷ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಬಿಲ್ಲುಂಡ್ ಎಂಬಲ್ಲಿ ಬಡಗಿಯಾಗಿದ್ದ, 1932ರಲ್ಲಿ ಶುರು ಮಾಡಿದ, ಮೊದಲು ಮಾಡುತ್ತಿದ್ದದ್ದೆಲ್ಲ ಮರದ ಆಟಿಕೆ, ಹಗ್ಗ ಕಟ್ಟಿ ಎಳೆಯುವ ಬಾತುಕೋಳಿ ಇತ್ಯಾದಿ ಎಂದಾಗ ಮಾತ್ರ ಮಾವನವರು ಹಗುರಾದರು. "ಬಾತುಕೋಳಿಗೆ ಡೆನ್ಮಾರ್ಕ್ ತನಕ ಯಾಕೆ? ಚನ್ನಪಟ್ಟಣದಲ್ಲಿ ಇಳಿದಿದ್ದರೆ ಅರಗು ಬಣ್ಣದ್ದೇ ಸಿಗ್ತಿತ್ತಲ್ಲ."

ಡಬ್ಬಿಯಲ್ಲಿ ಬಂದ ಪುಸ್ತಕ ನೋಡಿ ಕಟ್ಟುವುದು ಷಡ್ಡಕರ ದೃಷ್ಟಿಯಲ್ಲಿ ಅಂಗಡಿ ಪುಡಿ ಹಾಕಿ ಸಾರು ಮಾಡಿದಂತೆ. ಅವರದೇನಿದ್ದರೂ 'ಮಾಕ್'. ಮೈ ಓನ್ ಕ್ರಿಯೇಷನ್ ಎಂಬ ಮೂರು ಪದಗಳ ಮೊದಲಕ್ಷರಗಳು. ಸ್ವಂತ ಕಲ್ಪನೆ, ಸ್ವಂತ ರಚನೆ, ಸ್ವಂತ ಖರ್ಚು. ಖರ್ಚಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹೊರಗಿನಿಂದ ತರಿಸುವ ಆಟಿಕೆಯ ಮೂಲ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಮುಟ್ಟಿತು. ಬಜೆಟ್ ಭಾಷಣದಲ್ಲಿ ಆದಾಯ ತೆರಿಗೆಯ ಭಾಗ ಬಂದಾಗ ಕಾಫಿಗೆ ಎದ್ದು ಹೋಗಿ, ಆಟಿಕೆಗೆ ಕಾದು ಕೂತ ಏಕೈಕ ಗೃಹಸ್ಥರು ಇವರು.

ಮಾಕ್ ಕಟ್ಟುವವರ ಮನೆಯಲ್ಲಿ ಡಬ್ಬಿಗೆ ಬರ. ಇಟ್ಟಿಗೆಯನ್ನು ಬಣ್ಣದ ಪ್ರಕಾರ ವಿಂಗಡಿಸುವವನು ಅನನುಭವಿ. ಕಪ್ಪು ರಾಶಿಯಲ್ಲಿ ಕಪ್ಪು ಚೂರು ಹುಡುಕಿದವರಿಗೇ ಗೊತ್ತು. ಆಕಾರದ ಪ್ರಕಾರ ವಿಂಗಡಿಸಬೇಕು. ಆಕಾರಗಳಿಗೆ ಕೊನೆಯಿಲ್ಲ. ಹೀಗಾಗಿ ಮೈಸೂರುಪಾಕಿನ ಡಬ್ಬಿ, ಶರಟಿನ ಡಬ್ಬಿ, ಮೊಬೈಲಿನ ಡಬ್ಬಿ ಎಲ್ಲ ಭರ್ತಿಯಾಗಿ, ಒಂದು ದಿನ ನಾದಿನಿ ಒಗ್ಗರಣೆಗೆ ಎಣ್ಣೆ ಕಾಯಿಸಿಟ್ಟು ಕೈಚಾಚಿದರೆ ಏಳು ಬಟ್ಟಲಿನ ಒಗ್ಗರಣೆ ಡಬ್ಬಿಯೇ ನಾಪತ್ತೆ. ಅದು ಗೂಡಿನಲ್ಲಿತ್ತು. ಸಾಸಿವೆಯ ಜಾಗದಲ್ಲಿ ಕಪ್ಪು ದುಂಡು ಚೂರು, ಅರಿಶಿನದಲ್ಲಿ ಹಳದಿ, ಮೆಣಸಿನಪುಡಿಯಲ್ಲಿ ಕೆಂಪು. ಕ್ರಮ ತಪ್ಪಿಸಿರಲಿಲ್ಲ, ಅಷ್ಟು ಹೇಳಬೇಕು.

ಬಣ್ಣವೆಂದರೆ ನೆನಪಾಯಿತು. ಬೂದು ಬಣ್ಣದ ವಿಚಾರ ಇವರೆದುರು ಎತ್ತಲೇಬೇಡಿ. 2004ರ ಸುಮಾರಿಗೆ ಕಂಪನಿಯವರು ಹಳೆಯ ಬೂದು ನಿಲ್ಲಿಸಿ ಒಂದಿಷ್ಟು ನೀಲಿ ಛಾಯೆಯ ಹೊಸ ಬೂದು ತಂದರು. ನನಗೂ ನಿಮಗೂ ಎರಡೂ ಒಂದೇ ಗಾರೆ. ಷಡ್ಡಕರಿಗೆ ಅದು ಇನ್ನೂ ಮಾಯದ ಗಾಯ. 1979ರ ಮೂಲ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ನೌಕೆಗೆ ಹೊಂದುವ ಹಳೆಯ ಬೂದು ಚೂರುಗಳನ್ನು ಸೆಕೆಂಡ್‌ಹ್ಯಾಂಡಿನಲ್ಲಿ ದೇಶದೇಶಗಳಿಂದ ತರಿಸಿ, ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಒಂದು ಸಲ ಎರಡು ಚೂರು ನನ್ನ ಅಂಗೈಯಲ್ಲಿಟ್ಟು, "ಹೇಳಿ ಭಾವ, ಯಾವುದು ಹಳೇದು?" ಎಂದರು. ನಾನು ಮೂಗಿನ ತನಕ ತಂದು ನೋಡಿದೆ, ಮೂಸಿಯೂ ನೋಡಿದೆ. ಅಷ್ಟರಲ್ಲಿ ನಾದಿನಿ ಕಾಫಿ ಲೋಟ ಇಡುತ್ತಾ ನಿಂತಲ್ಲೇ, "ಎಡಗಡೇದು ಹಳೇದು, ಬಲಗಡೇದರಲ್ಲಿ ನೀಲಿ ಹೊಡೀತಿದೆ," ಎಂದು ಹೋದಳು. ಷಡ್ಡಕರು ಹೆಂಡತಿಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಇಪ್ಪತ್ತು ವರ್ಷ ಸೀರೆ ಹಿಡಿದು ಮ್ಯಾಚಿಂಗ್ ಸೆಂಟರಿನಲ್ಲಿ ಬ್ಲೌಸ್ ಪೀಸ್ ಹುಡುಕಿದ ಕಣ್ಣು ಅದು.

ಈ ಪಂಗಡಕ್ಕೆ ಸೆಪ್ಟೆಂಬರ್ ಬಂತೆಂದರೆ ವ್ರತ. ತಿಂಗಳೊಳಗೆ ಒಂದು ದೊಡ್ಡ ನೌಕೆ ಕಟ್ಟಬೇಕು. ಉದ್ದ ಕನಿಷ್ಠ ನೂರು ಗುಬುಟು. ಗುಬುಟಿಗೆ ಎಂಟು ಮಿಲಿಮೀಟರಿನಂತೆ ಎಂಬತ್ತು ಸೆಂಟಿಮೀಟರ್. ಕಳೆದ ಸಲ ಷಡ್ಡಕರು ಕಟ್ಟಿದ್ದು ನೀಲಿ–ಬೂದು ಮಹಾನೌಕೆ. ಅದರ ಪಕ್ಕೆಯ ತುಂಬ ಏನೇನೋ ಯಂತ್ರಗಳು ಮೆತ್ತಿಕೊಂಡಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅವು ಗೊಂಬೆ ಮನುಷ್ಯರ ಚಕ್ರದ ಬೂಟು, ದುರ್ಬೀನು, ಸ್ಟೀರಿಂಗು, ನಲ್ಲಿ. ಇಂಥ ಚಿಲ್ಲರೆ ಕುಸುರಿಗೆ 'ಗ್ರೀಬಲ್' ಎನ್ನುತ್ತಾರೆ. ಮಾಕ್ ಕಟ್ಟುವವನ ಕೈಚಳಕವಿರುವುದು ಇಲ್ಲೇ. ಕಂಪನಿಯವರೂ ಕಡಿಮೆಯಿಲ್ಲ, 2021ರ ಬೊನ್ಸಾಯ್ ಗಿಡದಲ್ಲಿ ಚೆರ್ರಿ ಹೂವಿನ ಬದಲು ಗುಲಾಬಿ ಬಣ್ಣದ ಕಪ್ಪೆಗಳನ್ನು ಕೂರಿಸಿದ್ದರು. ಷಡ್ಡಕರ ನೌಕೆಯಲ್ಲಿ ನಾನು ಎಣಿಸಿದ ನಲ್ಲಿಗಳು ನಲವತ್ತೆರಡು, ಒಂದೊಂದೂ ನೆಟ್ಟಗೆ ಕೂತಿದೆ. ಅಡುಗೆಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಅದಕ್ಕೆ ಪ್ಲಂಬರ್ ಬರಬೇಕಂತೆ.

ನೌಕೆ ಪಾಸೋ ಫೇಲೋ ಎನ್ನುವುದಕ್ಕೆ ಪರೀಕ್ಷೆ ಒಂದೇ: ಕೈಯಲ್ಲೆತ್ತಿ ಝೂಂ ಎಂದು ಹಾರಿಸಿದಾಗ ಬಾಲ ಕಳಚಿ ಬೀಳಬಾರದು. ಯಾರೂ ಇಲ್ಲದ ಹೊತ್ತು ನೋಡಿ, ಬನಿಯನ್ನು ಪಂಚೆಯಲ್ಲಿ, ಆ ಎಂಬತ್ತು ಸೆಂಟಿಮೀಟರನ್ನು ತಲೆಯ ಮೇಲೆ ಹಿಡಿದು, ಬಾಯಲ್ಲಿ ಎಂಜಿನ್ ಸದ್ದು ಮಾಡುತ್ತಾ ಷಡ್ಡಕರು ಹಾಲಿನಲ್ಲಿ ಎರಡು ಪ್ರದಕ್ಷಿಣೆ ಹಾಕಿದ್ದಾರೆ. ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ತಂದವನು ನಿಂತಿದ್ದ. ಅಂದಿನಿಂದ ಅವನು ಬಿಲ್ಲಿಗೆ ಸಹಿ ಅಮ್ಮಾವರದ್ದೇ ಬೇಕು ಅನ್ನುತ್ತಾನೆ.

ಮಾಕ್ ಕಟ್ಟಿದವನಿಗೆ ಮುಂದಿನ ಆಸೆ, ತನ್ನ ನೌಕೆಯನ್ನು ಕಂಪನಿಯೇ ಮಾರಲಿ ಎಂಬುದು. ಅದಕ್ಕೆ 'ಲೆಗೊ ಐಡಿಯಾಸ್' ಎಂಬ ದಾರಿಯಿದೆ. ಹತ್ತು ಸಾವಿರ ಜನ ಬೆಂಬಲಿಸಿದರೆ ಕಂಪನಿ ಪರಿಶೀಲಿಸುತ್ತದೆ. ಸ್ಯಾಟರ್ನ್–5 ಬಂದದ್ದು ಹಾಗೇ; ಜಪಾನಿನ ಹಯಾಬುಸಾ ವ್ಯೋಮನೌಕೆ 2012ರಲ್ಲೇ ಬಂದಿತ್ತು. ಷಡ್ಡಕರು ನಮ್ಮ ಪಿಎಸ್‌ಎಲ್‌ವಿ ಕಟ್ಟಿ ಹಾಕಿದರು. ಸ್ಯಾಟರ್ನಿನ ಪಕ್ಕ ನಿಲ್ಲಿಸಬೇಕೆಂದು ಅದೇ ಅಳತೆ, ನೂರಾ ಹತ್ತಕ್ಕೆ ಒಂದು. 44 ಮೀಟರಿನ ನಮ್ಮ ರಾಕೆಟ್ಟು 40 ಸೆಂಟಿಮೀಟರ್ ಆಯಿತು, ಅವರದು ಒಂದು ಮೀಟರ್. "ಎತ್ತರದಲ್ಲೇನಿದೆ ಭಾವ, 2017ರಲ್ಲಿ ಒಂದೇ ಏಟಿಗೆ 104 ಉಪಗ್ರಹ ಬಿಟ್ಟಿತಲ್ಲ," ಎಂದು ಅವರೇ ಸಮಾಧಾನ ಹೇಳಿದರು. ಸರಿ, ವೋಟು ಬೇಕಲ್ಲ. ಮದುವೆ, ಮುಂಜಿ, ಬೀಗರ ಔತಣ ಯಾವುದನ್ನೂ ಬಿಡಲಿಲ್ಲ. ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಸರಿಯಾಗಿ ಮೊಬೈಲ್ ಹಿಡಿದು ಹಿಂದೆ ನಿಲ್ಲುತ್ತಿದ್ದರು. ಕೈ ತೊಳೆದವರನ್ನು ಹಿಡಿದುಕೊಂಡು ಹೋಗುತ್ತಿದ್ದರು. ಕೊನೆಗೆ ಬಿದ್ದದ್ದು 312. ಅದರಲ್ಲಿ ಮೂರು ನನ್ನವು.

ಇಂಥವರನ್ನು ಅರ್ಥ ಮಾಡಿಕೊಂಡವರು ಯಾರು ಎಂದರೆ, ಮೈಸೂರಿನ ನಮ್ಮ ಅತ್ತೆಯವರು.

ಅತ್ತೆಯವರ ದಸರಾ ಗೊಂಬೆ ಕೇರಿಗೆಲ್ಲ ಹೆಸರುವಾಸಿ. ಒಂಬತ್ತು ಮೆಟ್ಟಿಲು, ಮೇಲೆ ತವರಿನಿಂದ ಬಂದ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಅಂಬಾರಿ, ಅಕ್ಕಿ ಬೇಳೆ ಹರವಿಕೊಂಡು ಕೂತ ಶೆಟ್ಟರ ದಂಪತಿ. "ಗೊಂಬೆ ಕೂಡ್ಸಿದ್ದೀರಾ?" ಎಂದು ಬರುವ ಮಕ್ಕಳಿಗೆ ಬಾಗಿನದ ಚಕ್ಕುಲಿ ಧಾರಾಳ, ಗೊಂಬೆಗೆ ಬೆರಳು ತಾಗಿಸಿದರೆ ಮಾತ್ರ ಅತ್ತೆಯವರ ಧ್ವನಿ ಬೇರೆ. ಷಡ್ಡಕರ ಗಾಜಿನ ಬೀರುವನ್ನು ಮೊದಲ ಸಲ ಕಂಡಾಗ, ನಾವೆಲ್ಲ ಮುಸಿಮುಸಿ ನಗುತ್ತಿದ್ದರೆ, ಅವರು ನಕ್ಕಿರಲಿಲ್ಲ. "ನಾನು ಒಂಬತ್ತು ದಿನ ಮಾಡೋದನ್ನ ಇವರು ವರ್ಷಪೂರ್ತಿ ಮಾಡ್ತಾರೆ. ಧೂಳು ಹೇಗೆ ಹೊಡೀತೀರಿ?" ಎಂದು ಕೇಳಿದರು. ಇಬ್ಬರೂ ಅರ್ಧ ಗಂಟೆ ಪೇಂಟ್ ಬ್ರಷ್ಷಿನ ಗುಣಾವಗುಣ ಚರ್ಚಿಸಿದರು.

ಕಳೆದ ದಸರಾಕ್ಕೆ, ಈ ಸಲದ ಹೊಸ ಗೊಂಬೆ ಅಳಿಯಂದಿರದ್ದು ಎಂದು ಅತ್ತೆಯವರು ಘೋಷಿಸಿದರು. ಮಹಾನೌಕೆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಮೈಸೂರಿಗೆ ಬಂತು. ಮಗ ಬಸ್ಸಿನಲ್ಲಿ ಬಂದ. ದೇವರ ಸಾಲಿಗೆ ಇದೇನು ಪ್ಲಾಸ್ಟಿಕ್ಕು ಎಂದು ಮಾವನವರು ಗೊಣಗಿದರು. ಆಗ ಷಡ್ಡಕರು ಬ್ರಹ್ಮಾಸ್ತ್ರ ಬಿಟ್ಟರು: 2011ರಲ್ಲಿ ಗುರುಗ್ರಹಕ್ಕೆ ಹೊರಟ ನಾಸಾದ ಜುನೋ ನೌಕೆಯಲ್ಲಿ ಅಲ್ಯೂಮಿನಿಯಮ್ಮಿನ ಮೂರು ಲೆಗೊ ಗೊಂಬೆಗಳಿವೆ. ಸಿಡಿಲು ಹಿಡಿದ ಜೂಪಿಟರ್, ಭೂತಗನ್ನಡಿ ಹಿಡಿದ ಅವನ ಹೆಂಡತಿ ಜುನೋ, ದುರ್ಬೀನು ಹಿಡಿದ ಗೆಲಿಲಿಯೊ.

"ಗಂಡ ಹೆಂಡತಿ ಜೋಡಿ ತಾನೆ?" ಎಂದರು ಅತ್ತೆ. "ಅಂದ ಮೇಲೆ ಅವರೂ ಪಟ್ಟದ ಗೊಂಬೆ ಕೂಡಿಸಿಯೇ ಕಳಿಸಿದ್ದಾರೆ ಅನ್ನಿ." ಅಲ್ಲಿಗೆ ಆಕ್ಷೇಪಣೆ ಮುಗಿಯಿತು.

ಮಹಾನೌಕೆ ಏಳನೇ ಮೆಟ್ಟಿಲಿನ ಅಗಲಕ್ಕೆ ಅಂಬಾರಿ ಆನೆಯನ್ನು ಒತ್ತರಿಸಿ ಕೂತಿತು. ಸ್ಯಾಟರ್ನೂ ಪಿಎಸ್‌ಎಲ್‌ವಿಯೂ ನೆಲದ ಮೇಲೆ ಅತ್ತಿತ್ತ ದ್ವಾರಪಾಲಕರಾದವು. 1984ರ ಕೆಂಪು ಗಗನಯಾತ್ರಿಗೆ ಶೆಟ್ಟರ ಅಂಗಡಿ ಮುಂದೆ ಜಾಗ ಸಿಕ್ಕಿತು, ದಿನಸಿಗೆ ಬಂದ ಗಿರಾಕಿಯ ಹಾಗೆ. ಷಡ್ಡಕರಿಗೆ ಸಂಕಟ. "ಸ್ಕೇಲ್ ತಪ್ಪುತ್ತೆ ಅತ್ತೆ. ಶೆಟ್ಟರ ಒಂದು ಕುಂಬಳಕಾಯಿ ಇವನಷ್ಟಿದೆ."

"ಬೆಣ್ಣೆಕೃಷ್ಣನಿಗಿಂತ ಅವನ ಗಡಿಗೆ ದೊಡ್ಡದಿದೆ," ಎಂದರು ಅತ್ತೆ. "ಮೂವತ್ತು ವರ್ಷದಿಂದ ಅವನೇ ಸುಮ್ಮನೆ ಕೂತಿದ್ದಾನೆ."

ಒಂಬತ್ತು ದಿನ ಷಡ್ಡಕರು ಮೆಟ್ಟಿಲ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಬಂದ ಮಕ್ಕಳು ನೌಕೆಯ ಕಡೆ ಕೈ ಚಾಚಿದಾಗೆಲ್ಲ ಅತ್ತೆ–ಅಳಿಯ ಇಬ್ಬರೂ ಒಂದೇ ಶ್ರುತಿಯಲ್ಲಿ "ಮುಟ್ಟಬಾರದು!" ಎನ್ನುತ್ತಿದ್ದರು. ಷಡ್ಡಕರ ಚಿಂತೆಯೆಲ್ಲ ಆ ಕೆಂಪು ಗಗನಯಾತ್ರಿಯದ್ದು. ಹಳೆಯ ಹೆಲ್ಮೆಟ್ಟುಗಳ ಗಲ್ಲದ ಪಟ್ಟಿ ಬಲು ತೆಳು. ಅರ್ಧಕ್ಕರ್ಧ ಬಿರುಕು ಬಿಟ್ಟಿರುತ್ತವೆ. 2014ರ ಲೆಗೊ ಸಿನಿಮಾದಲ್ಲಿ ಬರುವ ಬೆನ್ನಿ ಎಂಬ ನೀಲಿ ಗಗನಯಾತ್ರಿಯ ಹೆಲ್ಮೆಟ್ಟನ್ನೂ ಬೇಕೆಂದೇ ಮುರಿದದ್ದಾಗಿ ತೋರಿಸಿದ್ದಾರೆ. ಇವರದು ನಲವತ್ತು ವರ್ಷವಾದರೂ ಇಡಿಯಾಗಿತ್ತು.

ವಿಜಯದಶಮಿ ರಾತ್ರಿ ಆರತಿಯಾದ ಮೇಲೆ ಗೊಂಬೆಗಳನ್ನು ಮಲಗಿಸುವ ಶಾಸ್ತ್ರ. ಅತ್ತೆ ಪಟ್ಟದ ರಾಜ ರಾಣಿಯರನ್ನು ಮೆಲ್ಲನೆ ಅಡ್ಡ ಮಲಗಿಸಿದರು. ಆಮೇಲೆ ಬಗ್ಗಿ ಶೆಟ್ಟರ ಅಂಗಡಿ ಮುಂದಿನ ಗಿರಾಕಿಯನ್ನೂ ಎತ್ತಿಕೊಂಡರು.

"ಅತ್ತೆ, ಹೆಲ್ಮೆಟ್ಟು…" ಎಂದು ಷಡ್ಡಕರು ಅರ್ಧ ಎದ್ದರು.

"ಹೌದಲ್ಲ, ಮಲಗೋವಾಗ ಯಾರು ಹಾಕ್ಕೋತಾರೆ," ಎನ್ನುತ್ತಾ ಅತ್ತೆ, ಕರಿಮಣಿ ಪೋಣಿಸಿ ಪಳಗಿದ ಬೆರಳುಗಳಿಂದ, ಪಟ್ಟಿಗೆ ಒಂಚೂರೂ ನೋವಾಗದಂತೆ ಅದನ್ನು ಮೇಲಕ್ಕೆ ಬಿಡಿಸಿದರು. ಒಳಗೆ ಹಳದಿ ಮುಖ, ಅದೇ ನಗು. ತಲೆ ನುಣ್ಣಗೆ, ನಡುನೆತ್ತಿಯ ಮೇಲೆ ಒಂದೇ ಒಂದು ಗುಬುಟು. ಅತ್ತೆ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಳಿಯನ ತಲೆಯ ಕಡೆ ನೋಡಿದರು.

"ಅಯ್ಯೋ ಪಾಪ," ಎಂದರು, "ಇವರದೂ ನಿಮ್ಮ ಹಾಗೇನೇ ಅಲ್ವೇ!"